ಪಾದಯಾತ್ರಿಯ ಜೋಳಿಗೆಯಲ್ಲಿ ಏನಿರಬೇಕು?



ಯುಗಾದಿ ಸಮೀಪಿಸಿದಂತೆ ಶ್ರೀಮಠದ ಅಂಗಳಕ್ಕೆ ಒಂದು ಪ್ರಶ್ನೆ ಪ್ರತಿವರ್ಷವೂ ತಪ್ಪದೆ ಬರುತ್ತದೆ. ಶ್ರೀಶೈಲ ಮಲ್ಲಿಕಾರ್ಜುನನ ಸನ್ನಿಧಿಗೆ ಕಾಲ್ನಡಿಗೆಯಲ್ಲಿ ಹೊರಡುವ ಭಕ್ತರು, ಅದರಲ್ಲಿಯೂ ಮೊದಲ ಸಲ ಹೊರಡುವವರು, 'ಬುದ್ಧೀ, ಜೋಡಿ ಏನೇನ ಒಯ್ಯಬೇಕ್ರಿ?' ಎಂದು ಕೇಳುತ್ತಾರೆ. ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: 'ಭಕ್ತಿ ಒಯ್ಯಿರಿ, ಉಳಿದದ್ದು ಮಲ್ಲಯ್ಯ ನೋಡಿಕೊಳ್ಳುತ್ತಾನೆ.' ಉತ್ತರವು ಸುಂದರವಾಗಿದೆ, ಆದರೆ ಪೂರ್ಣವಾಗಿಲ್ಲ. ಮಲ್ಲಯ್ಯನು ನೋಡಿಕೊಳ್ಳುವನೆಂಬ ನಂಬಿಕೆಯಿಂದ ನೀರಿನ ಬಾಟಲಿಯನ್ನೂ ಹಿಡಿಯದೆ ಹೊರಟವರನ್ನು ಅಡವಿಯ ನಡುವೆ ನೋಡಿಕೊಂಡವರು ಬೇರೆ ಯಾತ್ರಿಕರೇ ಎಂಬುದು ಆ ದಾರಿಯನ್ನು ಬಲ್ಲವರಿಗೆಲ್ಲ ತಿಳಿದ ಸಂಗತಿ.

ಈ ಪ್ರಶ್ನೆಗೆ ಶರಣ ಸಾಹಿತ್ಯದಲ್ಲಿಯೇ ಒಂದು ಉತ್ತರವಿದೆ. ಅಕ್ಕಮಹಾದೇವಿಯ ಬಹುಪ್ರಸಿದ್ಧವಾದ ವಚನವೊಂದು ಮನುಷ್ಯನ ನಾಲ್ಕು ಅಗತ್ಯಗಳನ್ನು ಹೆಸರಿಸುತ್ತದೆ: ಹಸಿವು, ನೀರಡಿಕೆ, ನಿದ್ರೆ ಮತ್ತು ಜೊತೆ. ಮೊದಲ ಮೂರಕ್ಕೆ ದಾರಿಯಲ್ಲಿಯೇ ದೊರೆಯುವ ಪರಿಹಾರಗಳನ್ನು ಹೇಳಿದ ಅಕ್ಕ, ನಾಲ್ಕನೆಯದಕ್ಕೆ ಚೆನ್ನಮಲ್ಲಿಕಾರ್ಜುನನನ್ನೇ ಹೇಳುತ್ತಾಳೆ. ಈ ವಚನವನ್ನು ವೈರಾಗ್ಯದ ಪರಾಕಾಷ್ಠೆಯೆಂದು ವ್ಯಾಖ್ಯಾನಿಸುವುದು ವಾಡಿಕೆ. ಅದು ಸರಿಯೇ. ಆದರೆ ಇನ್ನೊಂದು ಬಗೆಯಲ್ಲಿಯೂ ಇದನ್ನು ಓದಬಹುದು. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದ ಹೆಣ್ಣುಮಗಳೊಬ್ಬಳು ದೂರದ ದಾರಿಯಲ್ಲಿ ದೇಹಕ್ಕೆ ಏನೇನು ಬೇಕಾಗುವುದೆಂಬುದನ್ನು ಅನುಭವದಿಂದ ಎಣಿಸಿ ಹೇಳಿದ ಪಟ್ಟಿ ಇದು. ಅಕ್ಕ ದೇಹಕ್ಕೆ ಏನೂ ಬೇಡವೆನ್ನಲಿಲ್ಲ. ನಾಲ್ಕು ಬೇಕು, ಐದನೆಯದು ಬೇಡ ಎಂದಳು. ಪಾದಯಾತ್ರಿಯ ಜೋಳಿಗೆಯನ್ನು ಕಟ್ಟುವ ಶಾಸ್ತ್ರವೆಲ್ಲ ಈ ಎಣಿಕೆಯಲ್ಲಿಯೇ ಅಡಗಿದೆ.

ದಾರಿಯ ಸ್ವರೂಪ

ಜೋಳಿಗೆಯ ವಿಚಾರಕ್ಕೆ ಮೊದಲು ದಾರಿಯ ವಿಚಾರವಾಗಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳಿಂದ ಹೊರಡುವ ಭಕ್ತರಲ್ಲಿ ಬಹುಮಂದಿ ಕರ್ನೂಲನ್ನು ದಾಟಿ ಆತ್ಮಕೂರನ್ನು ತಲುಪುತ್ತಾರೆ. ಆತ್ಮಕೂರು ಮತ್ತು ಶ್ರೀಶೈಲಗಳು 2022ರಲ್ಲಿ ರಚಿತವಾದ ನಂದ್ಯಾಲ ಜಿಲ್ಲೆಗೆ ಸೇರಿವೆ. ಆತ್ಮಕೂರಿನವರೆಗಿನ ನಡಿಗೆ ಊರುಗಳ ನಡುವಿನ ನಡಿಗೆ. ಊರೂರಿಗೆ ಅನ್ನದಾಸೋಹ, ಅಂಬಲಿ, ಮಜ್ಜಿಗೆ. ಕಾಲಿಗೆ ಬಿಸಿನೀರು ಹೊಯ್ದು ಎಣ್ಣೆ ತಿಕ್ಕುವ ಪುಣ್ಯವಂತರು. ಹಾಸಿಗೆ-ಹೊದಿಕೆಗಳನ್ನು ಹೊರಲು ತಂಡದೊಡನೆ ಟ್ರ್ಯಾಕ್ಟರೋ ಟಂಟಮ್ಮೋ ಬರುತ್ತದೆ.

ಆತ್ಮಕೂರಿನ ಆಚೆ ವೆಂಕಟಾಪುರದಿಂದ ಮುಂದೆ ನಲ್ಲಮಲ ಅಡವಿ ಆರಂಭವಾಗುತ್ತದೆ. ನಾಗಲೂಟಿಯ ವೀರಭದ್ರ, ಪೆದ್ದಚೆರುವು, ಭೀಮನ ಕೊಳ್ಳ, ಕೈಲಾಸ ದ್ವಾರ, ಅಲ್ಲಿಂದ ಶ್ರೀಶೈಲ. ಸುಮಾರು 40 ಕಿಲೋಮೀಟರುಗಳ ಈ ಹಾದಿಯಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಅವು ದೋರ್ನಾಲದ ಮಾರ್ಗವಾಗಿ ಸುತ್ತಿ ಬರಬೇಕು. ಆದ್ದರಿಂದ ವೆಂಕಟಾಪುರದವರೆಗೆ ಯಾತ್ರಿಕನ ಹೊರೆಯನ್ನು ಹೊತ್ತದ್ದು ಟ್ರ್ಯಾಕ್ಟರು; ಅಲ್ಲಿಂದ ಮುಂದೆ ಅವನ ಬೆನ್ನು. ಎಷ್ಟೋ ಜನರು ತಮ್ಮ ಚೀಲದ ನಿಜವಾದ ತೂಕವನ್ನು ತಿಳಿಯುವುದು ಅಲ್ಲಿಯೇ. ಯುಗಾದಿಯ ಹೊತ್ತಿಗೆ ಆ ಸೀಮೆಯ ಬಿಸಿಲು 40 ಡಿಗ್ರಿಯನ್ನು ಮುಟ್ಟುವುದು ಅಪರೂಪವೇನಲ್ಲ. ಅಡವಿಯ ಎಲೆ ಉದುರಿ ನೆರಳು ತೆಳುವಾಗಿರುತ್ತದೆ. ಭೀಮನ ಕೊಳ್ಳದಲ್ಲಿ ಆಳಕ್ಕೆ ಇಳಿದು ಮತ್ತೆ ಅಷ್ಟೇ ಎತ್ತರಕ್ಕೆ ಏರಬೇಕು. ಶ್ರೀಶೈಲ ಯಾತ್ರಿಕರಿಗಾಗಿ ಮೆಟ್ಟಿಲುಗಳನ್ನು ಕಟ್ಟಿಸಿದ ಕೀರ್ತಿ 14ನೆಯ ಶತಮಾನದ ರೆಡ್ಡಿ ಅರಸನಾದ ಪ್ರೋಲಯ ವೇಮಾರೆಡ್ಡಿಗೆ ಸಲ್ಲುತ್ತದೆ. ಆ ಕಾಲದಲ್ಲಿಯೇ ಈ ಬೆಟ್ಟದ ಏರು ಯಾತ್ರಿಕರನ್ನು ಎಷ್ಟು ದಣಿಸುತ್ತಿತ್ತೆಂಬುದಕ್ಕೆ ಅದೇ ಸಾಕ್ಷಿ.

ದಾಸೋಹ ಮನೆಯ ತಕ್ಕಡಿ

2024ರಲ್ಲಿ ಯುಗಾದಿ ಏಪ್ರಿಲ್ 9ರಂದು ಬಂದಿತ್ತು. ಪಾದಯಾತ್ರೆಯ ತಂಡವು ಹೊರಡುವ ಹಿಂದಿನ ಸಂಜೆ ಮಠದ ದಾಸೋಹ ಮನೆಯಲ್ಲಿ, ಜೋಳ ತೂಗುವ ತಕ್ಕಡಿಯ ಮುಂದೆ ಯಾತ್ರಿಕರು ತಂತಮ್ಮ ಗಂಟುಗಳನ್ನು ಹಿಡಿದು ನಿಂತಿದ್ದರು. ಅಡವಿಯೊಳಗೆ ಒಯ್ಯುವ ಗಂಟನ್ನು ಇಲ್ಲಿಯೇ ತೂಗಿ ನೋಡಬೇಕೆಂಬುದು ಕೃಷ್ಣಾತೀರದ ಹಳ್ಳಿಯೊಂದರ ಹಿರಿಯ ಶರಣೆಯೊಬ್ಬರ ಸೂಚನೆ. ವಯಸ್ಸು ಎಪ್ಪತ್ತರ ಹತ್ತಿರ. ಹತ್ತೊಂಬತ್ತು ಸಲ ನಡೆದು ಹೋಗಿ ಬಂದವರು. ಮೊದಲ ಹದಿನಾಲ್ಕು ಸಲ ಜೊತೆಗಿದ್ದ ಯಜಮಾನರು ಈಗ ಲಿಂಗೈಕ್ಯರು. ಈ ಸಲ ಅವರ ಜೊತೆಗೆ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮೊಮ್ಮಗ ಹೊರಟಿದ್ದ.

ಮೊಮ್ಮಗನ ಹೊಸ ಚೀಲ ತಕ್ಕಡಿಯಲ್ಲಿ 14 ಕಿಲೋ ತೂಗಿತು. ಅಜ್ಜಿಯ ಗಂಟು 5 ಕಿಲೋ.

'ಇದೇನ ತಮ್ಮಾ, ಸಂಸಾರಾನ ಹೊತ್ಕೊಂಡು ಹೊಂಟೀಯೇನು?' ಎಂದು ಅವರು ನಕ್ಕರು.

'ಏನರೆ ಬೇಕಾದರ ಇರಲಿ ಅಂತ ತಗೊಂಡೇನಿ ಆಯಿ,' ಎಂದ ಮೊಮ್ಮಗ.

ಅಜ್ಜಿ ಚೀಲವನ್ನು ಚಾಪೆಯ ಮೇಲೆ ಬರಿದು ಮಾಡಿಸಿದರು. ಮೂರು ಗುಂಪು ಮಾಡಿದರು: ದಿನವೂ ಬೇಕಾಗುವುದು, ಕಷ್ಟ ಬಂದರೆ ಬೇಕಾಗುವುದು, ಮತ್ತು ಅಂಜಿಕೆಯಿಂದ ಇಟ್ಟುಕೊಂಡದ್ದು. ಮೂರನೆಯ ಗುಂಪು ಎಲ್ಲಕ್ಕಿಂತ ದೊಡ್ಡದಾಯಿತು. ಎರಡು ಜೀನ್ಸ್ ಪ್ಯಾಂಟು, ನಾಲ್ಕು ಡಬ್ಬಿಯ ಸ್ಟೀಲ್ ಕ್ಯಾರಿಯರ್, ಮೂರು ಕಿಲೋ ತೂಕದ ಡೇರೆ, ಮೂರು ಪವರ್‌ಬ್ಯಾಂಕು, ಬಾಟಲಿಗಟ್ಟಲೆ ಶಾಂಪೂ, ಹತ್ತಾರು ಬಿಸ್ಕೀಟು ಪೊಟ್ಟಣ. 'ಏನರೆ ಬೇಕಾದರ' ಎಂಬ ಮಾತಿನ ತೂಕವೇ ಏಳು ಕಿಲೋ ಇತ್ತು. ಹೊರೆಯಲ್ಲಿ ವಸ್ತುವಿನ ಭಾರದಷ್ಟೇ ಭಯದ ಭಾರವೂ ಇರುತ್ತದೆ ಎಂಬುದು ಆ ತಕ್ಕಡಿಯ ಮುಂದೆ ಎಲ್ಲರ ಕಣ್ಣಿಗೆ ಕಂಡಿತು.

ಅಜ್ಜಿಯೂ ಮೊಮ್ಮಗನಿಂದ ಒಂದನ್ನು ಕಲಿತರು. ಅವರ ಗಂಟು ಒಂದೇ ಹೆಗಲಿಗೆ ನೇತುಬೀಳುವಂಥದು. ಹಿಂದಿನ ವರ್ಷ ಆ ಕಡೆಯ ಸೊಂಟ ತಿಂಗಳುಗಟ್ಟಲೆ ನೋಯುತ್ತಿತ್ತು. ಮೊಮ್ಮಗ ಎರಡು ಹೆಗಲಿಗೂ ಪಟ್ಟಿಯಿರುವ, ಸೊಂಟಕ್ಕೆ ಬಿಗಿಯುವ ಸಣ್ಣ ಚೀಲವನ್ನು ತಂದಿದ್ದ. ಭಾರವಾದ ವಸ್ತುಗಳು ಬೆನ್ನಿಗೆ ಅಂಟಿಕೊಂಡು ಹೆಗಲಕೆಲಗಿನ ಎತ್ತರದಲ್ಲಿರಬೇಕು, ಹಗುರವಾದವು ಕೆಳಗೆ ಮತ್ತು ಹೊರಗೆ. ಸೊಂಟದ ಪಟ್ಟಿ ಬಿಗಿದರೆ ಭಾರದ ಬಹುಪಾಲನ್ನು ಹೆಗಲಿನ ಬದಲು ಸೊಂಟ ಹೊರುತ್ತದೆ ಎಂದು ತೋರಿಸಿಕೊಟ್ಟ. ಮಲ್ಲಯ್ಯನ ಕಂಬಿಯನ್ನು ಕಂಡವರಿಗೆ ಈ ತತ್ತ್ವ ಹೊಸದಲ್ಲ. ಹೆಗಲ ಮೇಲೆ ಹೊರೆ ಹೊರುವ ಬಿದಿರಿನ ದಬ್ಬೆ ಎಂಬುದು ಕಂಬಿ ಎಂಬ ಪದದ ಅರ್ಥ. ಎರಡೂ ತುದಿಯ ಭಾರ ಸಮನಾಗಿದ್ದರೆ ಮಾತ್ರ ಅದು ಹೆಗಲ ಮೇಲೆ ನಿಲ್ಲುತ್ತದೆ.

ಹತ್ತರ ಪಟ್ಟಿ, ನಾಲ್ಕರ ಪಟ್ಟಿ

ಏನು ಒಯ್ಯಬೇಕೆಂಬುದನ್ನು ಎಣಿಸಿ ಹೇಳುವ ಪದ್ಧತಿ ಬೇರೆ ನಾಡುಗಳಲ್ಲಿಯೂ ಉಂಟು. ಅಮೆರಿಕದ ಸಿಯಾಟಲ್ ನಗರದಲ್ಲಿ 1906ರಲ್ಲಿ ಆರಂಭವಾದ 'ದಿ ಮೌಂಟನೀಯರ್ಸ್' ಎಂಬ ಚಾರಣಿಗರ ಸಂಘವು 1930ರ ದಶಕದಲ್ಲಿ ತನ್ನ ಶಿಬಿರಾರ್ಥಿಗಳಿಗಾಗಿ 'ಹತ್ತು ಅತ್ಯಗತ್ಯ ವಸ್ತುಗಳು' ಎಂಬ ಪಟ್ಟಿಯನ್ನು ರೂಪಿಸಿತು. ಸಂಘದ ಪ್ರಸಿದ್ಧ ಕೈಪಿಡಿಯ 1974ರ ಆವೃತ್ತಿಯಲ್ಲಿ ಅದು ಅಚ್ಚಾಯಿತು. ದಾರಿ ತಿಳಿಯುವ ಸಾಧನ, ಬಿಸಿಲಿನಿಂದ ರಕ್ಷಣೆ, ಹೆಚ್ಚಿನ ಉಡುಪು, ಬೆಳಕು, ಪ್ರಥಮ ಚಿಕಿತ್ಸೆ, ಬೆಂಕಿ, ದುರಸ್ತಿಯ ಸಲಕರಣೆ, ಹೆಚ್ಚಿನ ಆಹಾರ, ಹೆಚ್ಚಿನ ನೀರು, ಆಪತ್ಕಾಲದ ಆಸರೆ ಎಂಬಿವು ಇಂದು ಜಗತ್ತಿನ ಚಾರಣಿಗರೆಲ್ಲ ಬಲ್ಲ ಹತ್ತು. ಗಮನವಿಟ್ಟು ನೋಡಿದರೆ ಇವುಗಳಲ್ಲಿ ಹೆಚ್ಚಿನವು ಹಸಿವು, ನೀರಡಿಕೆ, ನಿದ್ರೆಗಳ ವಿಸ್ತರಣೆಗಳೇ. ಹತ್ತನ್ನೂ ಸೇರಿಸಿದರೂ ಆ ಪಟ್ಟಿಯಲ್ಲಿ ಜೊತೆಯೆಂಬುದಿಲ್ಲ. ಅಕ್ಕನ ನಾಲ್ಕರಲ್ಲಿ ಅದಿದೆ.

ಅದೇ ನಾಡಿನ ಎಮ್ಮಾ ಗೇಟ್‌ವುಡ್ ಎಂಬ ಹಿರಿಯ ಮಹಿಳೆಯ ವೃತ್ತಾಂತವೂ ಇಲ್ಲಿ ಸ್ಮರಣೀಯ. ಹನ್ನೊಂದು ಮಕ್ಕಳ ತಾಯಿಯಾದ ಆಕೆ 1955ರಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, ಸುಮಾರು 3,300 ಕಿಲೋಮೀಟರು ಉದ್ದದ ಅಪಲೇಚಿಯನ್ ಕಾಲುದಾರಿಯನ್ನು ಒಂಟಿಯಾಗಿ ನಡೆದು ಮುಗಿಸಿದಳು. ಡೇರೆಯಿಲ್ಲ, ದುಬಾರಿ ಬೂಟಿಲ್ಲ. ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ತಾನೇ ಹೊಲಿದುಕೊಂಡ ಬಟ್ಟೆಯ ಚೀಲ, ಹೊದೆಯಲು ಒಂದು ಕಂಬಳಿ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಆಕೆಯ ಚೀಲವು ಥೇಟು ಜೋಳಿಗೆಯೇ. ಆದರೆ ಹಿಂದಿನ ವರ್ಷ, 1954ರಲ್ಲಿ, ಆಕೆ ಇದೇ ದಾರಿಗೆ ಇಳಿದು ವಿಫಲಳಾಗಿದ್ದಳು. ದಾರಿ ತಪ್ಪಿತು, ಕನ್ನಡಕ ಒಡೆಯಿತು. ಕಡಿಮೆ ಒಯ್ಯುವುದು ಬೇರೆ, ಬೇಕಾದದ್ದನ್ನು ಬಿಟ್ಟು ಹೋಗುವುದು ಬೇರೆ. ಕನ್ನಡಕವಿಲ್ಲದೆ ಹೆಜ್ಜೆಯಿಡಲಾಗದವರಿಗೆ ಎರಡನೆಯ ಕನ್ನಡಕವು ಐಷಾರಾಮವಲ್ಲ.

ನೀರಡಿಕೆ

ಅಕ್ಕನ ನಾಲ್ಕರಲ್ಲಿ ನಲ್ಲಮಲದ ದಾರಿಗೆ ಮೊದಲು ಬರುವುದು ನೀರಡಿಕೆ. ಯುಗಾದಿಯ ಕಾಲದಲ್ಲಿ ಅಡವಿಯ ಹಾದಿಯಲ್ಲಿ ಸೇವಾಕರ್ತರು ನೀರಿನ ವ್ಯವಸ್ಥೆ ಮಾಡಿರುತ್ತಾರೆ. ಆದರೆ ಒಂದು ನೀರಿನ ತಾಣದಿಂದ ಇನ್ನೊಂದಕ್ಕೆ ತಲುಪುವವರೆಗಿನ ನೀರು ಯಾತ್ರಿಕನ ಚೀಲದಲ್ಲಿಯೇ ಇರಬೇಕು. ಬಿಸಿಲಿನಲ್ಲಿ ಏರು ಹತ್ತುವವನಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರು ನೀರು ಬೇಕಾಗುತ್ತದೆ. ಆದ್ದರಿಂದ ಎರಡು ಲೀಟರು ಹಿಡಿಯುವ ಬಾಟಲಿಗಳು ಕಡ್ಡಾಯ. ಲೀಟರಿಗೆ ಒಂದು ಕಿಲೋ ತೂಕವೆಂಬುದನ್ನು ಮರೆಯಬಾರದು. ನೀರಿಗೆ ಸ್ಥಳ ಬಿಡಲಿಕ್ಕಾಗಿಯೇ ಉಳಿದ ತೂಕವನ್ನು ಕಡಿಮೆ ಮಾಡಬೇಕು. ಒಂದೇಸಮನೆ ಗಟಗಟನೆ ಕುಡಿಯದೆ ಗುಟುಕು ಗುಟುಕಾಗಿ ಕುಡಿಯುವುದು ಒಳ್ಳೆಯದು.

ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರು ಸಾಲದು. ಓಆರ್‌ಎಸ್ ಪೊಟ್ಟಣಗಳು ನಾಲ್ಕೈದು ಇರಲಿ. ಅವು ತೀರಿದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು, ಚಹಾದ ಚಮಚದ ಅಳತೆಯಲ್ಲಿ, ಕದಡಿಕೊಳ್ಳಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಿ, ದಿನಗಳ ಲೆಕ್ಕದ ಮೇಲೆ ಎರಡು ದಿನದ ಹೆಚ್ಚಿನ ಗುಳಿಗೆ ಇಟ್ಟುಕೊಳ್ಳಬೇಕು. ಜೊತೆಗಿರುವವನು ತೊದಲತೊಡಗಿದರೆ, ಹೇಳಿದ್ದು ತಿಳಿಯದಂತಾದರೆ, ಮೈ ಕಾದು ಕೆಂಡವಾದರೆ ಅದು ದಣಿವಲ್ಲ, ಬಿಸಿಲಿನ ಹೊಡೆತ. ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ನೀರು ಹೊಯ್ದು ಗಾಳಿ ಹಾಕುತ್ತ ಸಹಾಯಕ್ಕೆ ಕೂಗಬೇಕು.

ಬಿಸಿಲನ್ನು ತಡೆಯಲು ಶರಣೆಯರ ಸೆರಗು, ಶರಣರ ರುಮಾಲು ಅಥವಾ ಹತ್ತಿಯ ಟವೆಲು ಸಾಕು. ಒದ್ದೆ ಮಾಡಿ ತಲೆಗೂ ಕುತ್ತಿಗೆಗೂ ಸುತ್ತಿಕೊಂಡರೆ ಯಾವ ಟೋಪಿಗೂ ಕಡಿಮೆಯಿಲ್ಲ.

ಹಸಿವು

ಹಸಿವಿಗೆ ಉತ್ತರ ಕರ್ನಾಟಕದ ತಾಯಂದಿರು ಕಂಡುಹಿಡಿದ ಬುತ್ತಿಗಿಂತ ಉತ್ತಮವಾದುದು ಪೇಟೆಯಲ್ಲಿಲ್ಲ. ಸಜ್ಜೆ ಅಥವಾ ಜೋಳದ ಕಡಕ್ ರೊಟ್ಟಿಯಲ್ಲಿ ನೀರಿನಂಶವಿಲ್ಲದ್ದರಿಂದ ಹಗುರ. ಅದೇ ಕಾರಣದಿಂದ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಪುಟಾಣಿ, ಬೆಲ್ಲ, ಶೇಂಗಾ ಹೋಳಿಗೆ, ಹಚ್ಚಿದ ಅವಲಕ್ಕಿ. ಶೇಂಗಾ ಮತ್ತು ಬೆಲ್ಲಗಳು ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಕೊಡುವ ಆಹಾರ. ಅಡವಿಯ ಎರಡು-ಮೂರು ದಿನಗಳಿಗೆ ಒಬ್ಬರಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಬುತ್ತಿ ಸಾಕು, ಏಕೆಂದರೆ ಅಲ್ಲಿಯೂ ದಾಸೋಹಗಳಿರುತ್ತವೆ. ಬುತ್ತಿಯನ್ನು ಬಟ್ಟೆಯಲ್ಲಿ ಕಟ್ಟಬೇಕೇ ಹೊರತು ಪ್ಲಾಸ್ಟಿಕ್ಕಿನಲ್ಲಲ್ಲ.

ಅಮೆರಿಕದ ಪಟ್ಟಿಯಲ್ಲಿರುವ ಬೆಂಕಿಯನ್ನು ಮಾತ್ರ ಇಲ್ಲಿ ಬಿಡಬೇಕು. ಚಳಿಯ ಹಿಮಪರ್ವತದಲ್ಲಿ ಕಡ್ಡಿಪೆಟ್ಟಿಗೆ ಜೀವ ಉಳಿಸುತ್ತದೆ. ಒಣಗಿ ನಿಂತ ನಲ್ಲಮಲದಲ್ಲಿ ಅದೇ ಕಡ್ಡಿ ಅಡವಿಯನ್ನು ಸುಡುತ್ತದೆ. ಈ ಅಡವಿಯು ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. 1983ರಿಂದ ಹುಲಿ ಯೋಜನೆಗೆ ಸೇರಿದೆ. ಅಲ್ಲಿ ಯಾತ್ರಿಕನು ಅತಿಥಿ. ಒಯ್ದ ಕಾಗದ, ಪೊಟ್ಟಣ, ಬಾಟಲಿಗಳನ್ನು ತಿರುಗಿ ತರಲು ಒಂದು ಬರಿದಾದ ಬಟ್ಟೆಯ ಚೀಲವನ್ನು ಜೊತೆಗಿಟ್ಟುಕೊಳ್ಳುವುದು ಯಾತ್ರೆಯ ಅಂಗವೇ ಆಗಬೇಕು. ಅಕ್ಕ ತನ್ನ ಇನಿಯನ ಸುಳಿವನ್ನು ಗಿಳಿ-ಕೋಗಿಲೆಗಳಲ್ಲಿ ಕೇಳುತ್ತ ಅಲೆದದ್ದು ಇಂಥ ಕಾಡುಗಳಲ್ಲಿ. ಅಲ್ಲಿ ಕಸ ಎಸೆದು ಮುಂದೆ ಹೋಗಿ ಕೈಮುಗಿಯುವುದು ಹೇಗೆ?

ನಿದ್ರೆ ಮತ್ತು ಪಾದ

ಮಲಗಲು ತೆಳುವಾದ ಚಾಪೆ ಅಥವಾ ಜಮಖಾನ, ಹೊದೆಯಲು ಒಂದು ತೆಳು ಚಾದರ. ಉಟ್ಟ ಬಟ್ಟೆಯಲ್ಲದೆ ಇನ್ನೊಂದು ಜೊತೆ. ಸಂಜೆ ಒಗೆದದ್ದು ಆ ಬಿಸಿಲುನಾಡಿನಲ್ಲಿ ಬೇಗ ಆರುತ್ತದೆ. ಬಿಸಿಲನ್ನು ತಪ್ಪಿಸಲು ಬಹಳಷ್ಟು ಜನ ಬೆಳಗಿನ ಜಾವ ಮೂರು ಗಂಟೆಗೇ ನಡೆಯತೊಡಗುತ್ತಾರೆ. ಆದ್ದರಿಂದ ಹಣೆಗೆ ಕಟ್ಟಿಕೊಳ್ಳುವ ಬ್ಯಾಟರಿ ಬಹಳ ಉಪಯುಕ್ತ. ಎರಡು ಕೈಗಳೂ ಬಿಡುವಾಗಿದ್ದು ಕೋಲು ಹಿಡಿಯಲು ಅನುಕೂಲ. ಮೊಬೈಲಿನ ಬೆಳಕನ್ನೇ ನಂಬಿದರೆ ಬೆಳಕೂ ಹೋಗುತ್ತದೆ, ಮೊಬೈಲೂ ಹೋಗುತ್ತದೆ. ಕೋಲು ಇಳಿಜಾರಿನಲ್ಲಿ ಮೊಣಕಾಲಿನ ಭಾರವನ್ನು ಹಂಚಿಕೊಳ್ಳುತ್ತದೆ. ಜಂಗಮರು ಬೆತ್ತವನ್ನು ಬಿಡದೆ ಹಿಡಿದದ್ದಕ್ಕೆ ತತ್ತ್ವಾರ್ಥದ ಜೊತೆಗೆ ನಡಿಗೆಯ ಅರ್ಥವೂ ಇದ್ದಿರಬೇಕು.

ಪಾದಗಳ ವಿಷಯದಲ್ಲಿ ಬಹುಮಂದಿ ಒಂದೇ ತಪ್ಪನ್ನು ಮಾಡುತ್ತಾರೆ: ಯಾತ್ರೆಗೆಂದು ಹೊಸ ಚಪ್ಪಲಿ, ಹೊಸ ಬೂಟು ಕೊಳ್ಳುತ್ತಾರೆ. ಗುಳ್ಳೆ ಏಳುವುದು ಉಜ್ಜುವಿಕೆ, ಬೆವರು ಮತ್ತು ಬಿಸಿ ಎಂಬ ಮೂರರ ಕೂಟದಿಂದ. ದಿನವಿಡೀ ನಡೆದ ಪಾದ ಊದಿಕೊಳ್ಳುವುದರಿಂದ ಬೂಟು ಬೆರಳ ತುದಿಯಲ್ಲಿ ತುಸು ಸಡಿಲವಾಗಿರಬೇಕು ಮತ್ತು ಕನಿಷ್ಠ ತಿಂಗಳು ನಡೆದು ಪಳಗಿರಬೇಕು. ಎರಡು ಜೊತೆ ಕಾಲುಚೀಲ. ಒದ್ದೆಯಾದದ್ದನ್ನು ಬದಲಿಸಿ ಚೀಲದ ಹೊರಗೆ ಒಣಗಲು ಕಟ್ಟಬೇಕು. ಪಾದದಲ್ಲಿ ಎಲ್ಲಿಯಾದರೂ ಚುರುಕು ಎಂದೊಡನೆ ನಿಂತು ಅಲ್ಲಿಗೆ ಅಂಟುಪಟ್ಟಿ ಹಚ್ಚಬೇಕು. 'ಮುಂದಿನ ನೆರಳಿನಲ್ಲಿ ನೋಡೋಣ' ಎಂದವರು ಮುಂದಿನ ನೆರಳಿನಿಂದ ಏಳುವುದು ಕಷ್ಟ. ಹರಕೆಯಿಂದ ಬರಿಗಾಲಲ್ಲಿ ನಡೆಯುವವರೂ ಅಡವಿಯ ಕಲ್ಲುಹಾದಿಗಾಗಿ ಒಂದು ಜೊತೆ ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡರೆ ಹರಕೆಗೆ ಕುಂದಿಲ್ಲ.

ಅಂಟುಪಟ್ಟಿ, ಬ್ಯಾಂಡೇಜು, ಮುಲಾಮು, ಸೂಜಿ-ದಾರ, ಪಿನ್ನು, ಒಂದು ಸೀಟಿ, ನಾಲ್ಕು ಮೊಳ ಗಟ್ಟಿ ಹಗ್ಗ. ಇವಿಷ್ಟೂ ಒಂದು ಅಂಗೈಯಗಲದ ಚೀಲದಲ್ಲಿ ಹಿಡಿಸುತ್ತವೆ. ಅಡವಿಯ ಬಹುತೇಕ ಭಾಗದಲ್ಲಿ ಮೊಬೈಲು ಸಿಗದ ಕಾರಣ ಹೆಸರು, ಊರು, ಮನೆಯವರ ದೂರವಾಣಿ ಸಂಖ್ಯೆ, ರಕ್ತದ ಗುಂಪು, ಇರುವ ಕಾಯಿಲೆಗಳನ್ನು ಬರೆದ ಚೀಟಿಯೊಂದು ಅಂಗಿಯ ಕಿಸೆಯಲ್ಲಿರಬೇಕು.

ಹೆಚ್ಚಾದ ಅಕ್ಕಿ

ಬಾಗಲಕೋಟೆಯ ಕಡೆಯಿಂದ ರಾಯಚೂರಿಗೆ ನಡೆಯುವವರು ಲಿಂಗಸುಗೂರು ಸೀಮೆಯನ್ನು ಹಾಯ್ದು ಹೋಗುತ್ತಾರೆ. ಅದೇ ಸೀಮೆಯ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಹೆಚ್ಚಾದ ಅಕ್ಕಿಯಲ್ಲಿ ಆಕೆ ಕಂಡದ್ದು ಸಮೃದ್ಧಿಯನ್ನಲ್ಲ, ನಾಳೆಯ ಬಗೆಗಿನ ಅಂಜಿಕೆಯನ್ನು.

ದಾಸೋಹ ಮನೆಯ ಚಾಪೆಯ ಮೇಲೆ ಅಜ್ಜಿ ಮೊಮ್ಮಗನ ಚೀಲದಿಂದ ಮೂರನೆಯ ಗುಂಪನ್ನು ತೆಗೆದಿರಿಸಿದ್ದು ಲಕ್ಕಮ್ಮನ ನ್ಯಾಯವೇ. ಆದರೆ ಆ ನ್ಯಾಯಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ವಿವರಿಸಲು ಅವರು ಅಂದು ಹಳೆಯ ಸಂಗತಿಯೊಂದನ್ನು ಹೇಳಿದರು.

ಹಲವು ವರ್ಷಗಳ ಹಿಂದೆ ಅವರ ತಂಡದಲ್ಲಿದ್ದ ಯುವಕನೊಬ್ಬ, ಏನನ್ನೂ ಒಯ್ಯದೆ ನಡೆಯುವೆನೆಂದು ಸಂಕಲ್ಪ ಮಾಡಿ, ಅಡವಿಗೆ ಬರಿಗೈಯಲ್ಲಿ ಇಳಿದಿದ್ದ. ಎಲ್ಲರೂ ಅವನ ವೈರಾಗ್ಯವನ್ನು ಹೊಗಳಿದರು. ಭೀಮನ ಕೊಳ್ಳದ ಏರಿನಲ್ಲಿ ನಡುಮಧ್ಯಾಹ್ನ ಅವನು ಕುಸಿದುಬಿದ್ದ. ಅಜ್ಜಿಯ ಯಜಮಾನರೂ ಇನ್ನೂ ಮೂವರೂ ತಮ್ಮ ಪಾಲಿನ ನೀರನ್ನೆಲ್ಲ ಅವನ ಬಾಯಿಗೂ ಮೈಗೂ ಸುರಿದು, ಕಂಬಳಿಯಲ್ಲಿ ಮಲಗಿಸಿ, ನಾಲ್ಕು ಮೂಲೆ ಹಿಡಿದು ಕೈಲಾಸ ದ್ವಾರಕ್ಕೆ ಏರಿಸಿದರು. ಅವನು ಬದುಕಿಕೊಂಡ. ಹೊತ್ತ ನಾಲ್ವರು ಎರಡು ದಿನ ಜ್ವರದಿಂದ ಏಳಲಿಲ್ಲ. ಯುಗಾದಿಯ ದರ್ಶನ ಅವರಿಗೆ ಆಗಲಿಲ್ಲ.

'ಆ ಹುಡುಗ ಏನೂ ಹೊರಲಿಲ್ಲ ಖರೆ,' ಎಂದರು ಅಜ್ಜಿ. 'ಅವಂದು ನಾಕ ಮಂದಿ ಹೊತ್ತರು. ತನ್ನ ನೀರು ತಾ ಹೊತ್ತಾಂವಾ ಇನ್ನೊಬ್ಬರ ಪಾಲಿಂದು ಕುಡಿಯೂದಿಲ್ಲ.'

ಅತಿಯಾಗಿ ಹೊರುವವನು ನಾಳೆಯನ್ನು ನಂಬದವನು. ಏನನ್ನೂ ಹೊರದವನು ತಿಳಿಯದೆಯೇ ತನ್ನ ಹೊರೆಯನ್ನು ನೆರೆಯವನ ಹೆಗಲಿಗೆ ಹಾಕುವವನು. ಇವೆರಡರ ನಡುವೆ ಸಂಯಮದ ಅಳತೆಯೊಂದಿದೆ. ಕಾಯಕವೆಂದರೆ ತನ್ನ ಪಾಲಿನದನ್ನು ತಾನು ಮಾಡುವುದು, ದಾಸೋಹವೆಂದರೆ ಪರರ ಪಾಲಿಗೆ ಒದಗುವುದು. ಪಾದಯಾತ್ರೆಯಲ್ಲಿ ಇವೆರಡನ್ನೂ ತಕ್ಕಡಿಯಲ್ಲಿ ತೂಗಬಹುದು. ಆರೋಗ್ಯವಂತರಾದ ತರುಣರು ಏಳು ಕಿಲೋ, ಹಿರಿಯರು ನಾಲ್ಕೈದು ಕಿಲೋ, ನೀರನ್ನೂ ಸೇರಿಸಿ. ಅಡವಿಯ ದಾರಿಗೆ ಇದು ಸಾಕಾದ ಮಿತಿಯೆಂಬುದು ಅವರ ಅನುಭವದ ಮಾತು.

ಕಂಬಳಿ

ಅಜ್ಜಿಯ ಐದು ಕಿಲೋದಲ್ಲಿ ಎರಡೂವರೆ ಕಿಲೋ ಒಂದೇ ವಸ್ತುವಿನದಾಗಿತ್ತು. ಅದು ಆ ಕಂಬಳಿ. ನಾಲ್ವರು ಹಿಡಿದು ಯುವಕನನ್ನು ಏರಿಸಿದ್ದು, ಯಜಮಾನರು ಹದಿನಾಲ್ಕು ಸಲ ಹೆಗಲಿಗೆ ಹಾಕಿಕೊಂಡು ನಡೆದದ್ದು. ಎಲ್ಲರ ಗಂಟನ್ನೂ ಬಿಚ್ಚಿ ನೋಡಿದ ಅವರ ಗಂಟನ್ನು ಬಿಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಮೊಮ್ಮಗನೇ ಮೆಲ್ಲಗೆ ಕೇಳಿದ: 'ಆಯಿ, ಇದು ಯಾವ ಗುಂಪಿಂದು?'

ಅವರು ಬಹಳ ಹೊತ್ತು ಉತ್ತರಿಸಲಿಲ್ಲ. ದಿನವೂ ಬೇಕಾದುದಲ್ಲ, ಏಪ್ರಿಲಿನ ಸೆಕೆಯಲ್ಲಿ ತೆಳು ಚಾದರವೇ ಸಾಕು. ಕಷ್ಟಕ್ಕೆ ಬೇಕಾಗುವುದೆನ್ನಬಹುದು, ಆದರೆ ಎಪ್ಪತ್ತರ ಮೊಣಕಾಲಿಗೆ ಆ ತೂಕವೇ ಒಂದು ಕಷ್ಟ. ಕಡೆಗೆ ತಾವೇ ಅದನ್ನು ಎತ್ತಿ ಮೂರನೆಯ ಗುಂಪಿನ ಮೇಲೆ ಇಟ್ಟರು. 'ಒಬ್ಬಾಕಿ ಆಗೇನಿ ಅನ್ನೂ ಅಂಜಿಕಿ ಇದು,' ಎಂದರು.

ಮೊಮ್ಮಗ ಕಂಬಳಿಯನ್ನು ಮಡಚಿ, ಈಗ ಅರ್ಧ ಬರಿದಾಗಿದ್ದ ತನ್ನ ಚೀಲದೊಳಗೆ ಇಟ್ಟುಕೊಂಡ. ಅಜ್ಜಿ ಬೇಡವೆಂದರು. ಅವನ ಚೀಲ ಏಳರಿಂದ ಒಂಬತ್ತೂವರೆಗೆ ಏರಿತು, ಮಿತಿ ಮೀರಿತು ಎಂದು ತಕ್ಕಡಿಯನ್ನು ತೋರಿಸಿದರು. 'ಏಳು ನಂದು, ಎರಡೂವರಿ ನಿಂದು ಆಯಿ. ಎರಡೂ ಕೂಡಿಸಿ ತೂಗಬ್ಯಾಡ,' ಎಂದ ಅವನು. ತೂಗುವವರು ಮತ್ತೆ ತೂಗಲಿಲ್ಲ.

ಯುಗಾದಿಗೆ ಎರಡು ದಿನ ಮುಂಚೆ ತಂಡವು ಭೀಮನ ಕೊಳ್ಳವನ್ನು ಏರಿತು. ಬಿಸಿಲೇರುವ ಮೊದಲೇ ಹೊರಟಿದ್ದರಿಂದ, ಎಲ್ಲರ ಬಳಿಯೂ ನೀರಿದ್ದುದರಿಂದ ಯಾರೂ ಕುಸಿಯಲಿಲ್ಲ. ಏರಿನ ನಡುವೆ ಬೇರೆ ಊರಿನ ಬಾಣಂತಿಯೊಬ್ಬಳು ಕೂಸನ್ನು ನೆಲಕ್ಕೆ ಮಲಗಿಸಲಾಗದೆ ತೊಡೆಯ ಮೇಲೆ ಹಾಕಿಕೊಂಡು ದಣಿದು ಕುಳಿತಿದ್ದಳು. ಕಂಬಳಿಯನ್ನು ಅಲ್ಲಿ ಹಾಸಲಾಯಿತು. ಕೂಸು ಮಲಗಿತು, ತಾಯಿಯೂ ಅರ್ಧ ಗಂಟೆ ಒರಗಿಕೊಂಡಳು. ಅಜ್ಜಿ ಕಾವಲು ಕುಳಿತರು. ತೂಕದ ಲೆಕ್ಕದಲ್ಲಿ ಹೆಚ್ಚಾಗಿದ್ದ ವಸ್ತುವೇ ದಾಸೋಹದ ಲೆಕ್ಕದಲ್ಲಿ ಸರಿಹೋಯಿತು.

ಎಲ್ಲಕ್ಕಿಂತ ಹಗುರವಾದುದು

ದೇಹವನ್ನೇ ದೇಗುಲವಾಗಿಸಿದ ಶರಣ ಧರ್ಮದಲ್ಲಿ ಸ್ಥಾವರಲಿಂಗದ ದರ್ಶನಕ್ಕೆ ಇಷ್ಟು ದೂರ ನಡೆಯುವುದೇಕೆಂಬ ಪ್ರಶ್ನೆ ಸಹಜ. ಅಕ್ಕ, ಅಲ್ಲಮರು ಶ್ರೀಶೈಲದತ್ತ ನಡೆದದ್ದನ್ನು ನೆನೆದರೆ ಉತ್ತರ ದೊರೆಯುತ್ತದೆ. ನಡಿಗೆಯೇ ಸಾಧನೆ, ಅದು ಮನುಷ್ಯನಿಗೆ ತನ್ನ ಅಗತ್ಯಗಳ ನಿಜವಾದ ಅಳತೆಯನ್ನು ಕಲಿಸುತ್ತದೆ. ಮನೆಯಲ್ಲಿ ನೂರು ವಸ್ತುಗಳಿಲ್ಲದೆ ದಿನ ಕಳೆಯಲಾಗದವನು ಅಡವಿಯಲ್ಲಿ ಇಪ್ಪತ್ತರಲ್ಲಿ ಸುಖವಾಗಿರುತ್ತಾನೆ. ಮರಳಿ ಬಂದ ಮೇಲೆ ಆ ಇಪ್ಪತ್ತರ ನೆನಪು ಅವನ ಬದುಕಿನಲ್ಲಿ ಉಳಿಯುವುದೇ ಯಾತ್ರೆಯ ಫಲ.

ಲಿಂಗವಂತನ ಪಟ್ಟಿಯಲ್ಲಿ ಇನ್ನೊಂದು ವಸ್ತುವಿದೆ. ಅದನ್ನು ಚೀಲಕ್ಕೆ ಹಾಕುವಂತಿಲ್ಲ, ತಕ್ಕಡಿಗೆ ಇಡುವಂತಿಲ್ಲ. ಎದೆಯ ಮೇಲಿನ ಇಷ್ಟಲಿಂಗವದು. ಬಸವಾದಿ ಶರಣರು ದೇವರನ್ನು ಗುಡಿಯಿಂದ ಎತ್ತಿ ಭಕ್ತನ ಅಂಗೈಗೆ ಕೊಟ್ಟದ್ದರಿಂದ, ದಾರಿಯಲ್ಲಿರುವವನು ಪೂಜೆಗಾಗಿ ಮನೆ ಮುಟ್ಟುವವರೆಗೆ ಕಾಯಬೇಕಾಗಿಲ್ಲ. ಒಂದು ವಿಭೂತಿ ಗಟ್ಟಿ, ಅಂಗೈಯಗಲದ ಶುಭ್ರ ವಸ್ತ್ರ, ಒಂದು ಗುಟುಕು ನೀರು ಇಷ್ಟಿದ್ದರೆ ನಾಗಲೂಟಿಯ ಮರದ ಕೆಳಗೂ ಪೂಜೆ ನಡೆಯುತ್ತದೆ. ಬೆವರಿಗೆ ಶಿವದಾರವು ನೆನೆದು ಸವೆಯುವುದರಿಂದ ಇನ್ನೊಂದು ಶಿವದಾರವನ್ನು ಮಾತ್ರ ಮರೆಯದೆ ಇಟ್ಟುಕೊಳ್ಳಬೇಕು.

ಅಕ್ಕನ ನಾಲ್ಕನೆಯ ಅಗತ್ಯವಾದ ಜೊತೆಗೆ ಉತ್ತರ ಹೀಗೆ ಎದೆಯ ಮೇಲೆಯೇ ಇದೆ. ಅದು ಅಲ್ಲಿದೆಯೆಂಬ ಅರಿವು ಗಟ್ಟಿಯಾದಷ್ಟೂ 'ಏನರೆ ಬೇಕಾದರ' ಎಂಬ ಗಂಟು ತಾನಾಗಿ ಹಗುರವಾಗುತ್ತದೆ. ಈ ಸಲ ಹೊರಡುವ ಸದ್ಭಕ್ತರು ತಮ್ಮ ಚೀಲವನ್ನು ಹಿಂದಿನ ದಿನವೇ ಚಾಪೆಯ ಮೇಲೆ ಸುರಿದು ಮೂರು ಗುಂಪು ಮಾಡಲಿ. ನೀರಿಗೆ ಸ್ಥಳ ಬಿಡಲಿ. ಪಕ್ಕದಲ್ಲಿ ನಡೆಯುವವರ ಕಡೆಗೂ ಒಮ್ಮೆ ನೋಡಲಿ.